ಎಣಿಸಿದ ನೋಟು, ಓದದ ನೋಟು

ಕಳೆದ ತಿಂಗಳು ನಮ್ಮ ಬಡಾವಣೆಯ ನಿವೃತ್ತ ಮೇಷ್ಟರೊಬ್ಬರು ಮನೆಗೆ ಬಂದರು. ಕೈಯಲ್ಲಿ ಹಳೆಯ ಲಗ್ನಪತ್ರಿಕೆಯ ಲಕೋಟೆ. ಅದರೊಳಗೆ ಹಿಂಬದಿಯಲ್ಲಿ ಟ್ರ್ಯಾಕ್ಟರ್ ಚಿತ್ರವಿರುವ ಐದು ರೂಪಾಯಿಯ ಒಂದು ನೋಟು. ‘ಸ್ವಾಮಿ, ನೀವು ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಆಯುಷ್ಯ ಕಳೆದವರು. ಇದಕ್ಕೆ ನಿಜವಾಗಿ ಎಷ್ಟು ಬರುತ್ತದೆ, ಹೇಳಿಬಿಡಿ’ ಎಂದರು. ನೋಟಿನ ಕ್ರಮಸಂಖ್ಯೆ 786ರಲ್ಲಿ ಕೊನೆಗೊಳ್ಳುತ್ತಿತ್ತು. ಮೊಬೈಲಿನಲ್ಲಿ ಕಂಡ ಜಾಹೀರಾತೊಂದಕ್ಕೆ ಅವರು ಉತ್ತರಿಸಿದ್ದರಂತೆ. ಆ ಕಡೆಯ ವ್ಯಕ್ತಿ ಐದು ಲಕ್ಷ ಕೊಡುವುದಾಗಿ ನಂಬಿಸಿ, ಮೊದಲು ‘ನೋಂದಣಿ ಶುಲ್ಕ’ವೆಂದು 2,500 ರೂಪಾಯಿ, ಆಮೇಲೆ ‘ರಿಸರ್ವ್ ಬ್ಯಾಂಕಿನ ತೆರಿಗೆ’ಯೆಂದು 18,000 ರೂಪಾಯಿ ವಸೂಲು ಮಾಡಿದ್ದ. ಮೂರನೆಯ ಕಂತು ಕೇಳಿದಾಗ ಮೇಷ್ಟರಿಗೆ ಸಂಶಯ ಹುಟ್ಟಿತು. ಅಷ್ಟರಲ್ಲಿ ನೋಟು ಮಾಸಬಾರದೆಂದು ಜೆರಾಕ್ಸ್ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿ ತೆತ್ತು ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದರು. ನೋಟಿಗಿಂತ ಅದರ ಹೊದಿಕೆಗೇ ನಾಲ್ಕು ಪಟ್ಟು ಬೆಲೆ!

ಇದು ಒಬ್ಬ ಮೇಷ್ಟರ ಕಥೆಯಷ್ಟೇ ಆಗಿದ್ದರೆ ಬರೆಯಬೇಕಾಗಿರಲಿಲ್ಲ. ಹಳೆಯ ನೋಟು, ನಾಣ್ಯಗಳ ಮಾರಾಟದ ನೆಪದಲ್ಲಿ ತನ್ನ ಹೆಸರು ಹೇಳಿಕೊಂಡು ಶುಲ್ಕ, ಕಮಿಷನ್, ತೆರಿಗೆ ಕೇಳುವವರಿದ್ದಾರೆ, ಎಚ್ಚರದಿಂದಿರಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ತಾನು ಇಂಥ ವ್ಯವಹಾರ ನಡೆಸುವುದಿಲ್ಲ, ಇಂಥ ಶುಲ್ಕ ಕೇಳುವುದಿಲ್ಲ, ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿತು. ಪ್ರಕಟಣೆ ಬಂತು, ವಂಚನೆ ನಿಲ್ಲಲಿಲ್ಲ. ಏಕೆ ನಿಲ್ಲಲಿಲ್ಲ ಎಂಬ ಪ್ರಶ್ನೆಗೆ ‘ಜನರ ದುರಾಸೆ’ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಆ ಉತ್ತರವನ್ನು ನಾನು ಒಪ್ಪುವುದಿಲ್ಲ. ಮೇಷ್ಟರು ದುರಾಸೆಯವರಲ್ಲ. ನಿತ್ಯ ಕೈಯಲ್ಲಿ ಹಿಡಿಯುವ ಕಾಗದವನ್ನು ಓದಲು ಅವರಿಗೆ ಯಾರೂ ಕಲಿಸಿರಲಿಲ್ಲ. ಯಾವ ನೋಟು ವಿರಳ, ಯಾವುದು ಅಲ್ಲ, ಏಕೆ ಎಂಬ ತಿಳಿವಳಿಕೆ ಸಾರ್ವಜನಿಕರಲ್ಲಿ ಇಲ್ಲದಿರುವಾಗ ಆ ಖಾಲಿ ಜಾಗದಲ್ಲಿ ವಂಚಕ ಬಂದು ಕುಳಿತುಕೊಳ್ಳುತ್ತಾನೆ.

786ರ ಲೆಕ್ಕವನ್ನೇ ನೋಡೋಣ. ಆ ಕಾಲದ ಹೊಸ ನೋಟುಗಳು ನೂರರ ಕಟ್ಟುಗಳಲ್ಲಿ, ಕ್ರಮಸಂಖ್ಯೆಯ ಪ್ರಕಾರ ಬರುತ್ತಿದ್ದವು. ಅಂಥ ಹತ್ತು ಕಟ್ಟುಗಳ ಒಂದು ಬಂಡಲ್ ಒಡೆದರೆ 786ರಲ್ಲಿ ಕೊನೆಗೊಳ್ಳುವ ನೋಟು ಅದರೊಳಗೆ ಒಂದು ಇರಬೇಕಾದದ್ದೇ. ಸಾವಿರಕ್ಕೊಂದು ಸಿಗುವ ವಸ್ತು ವಿರಳ ಹೇಗಾದೀತು? ಆ ಸಂಖ್ಯೆಯನ್ನು ಪವಿತ್ರವೆಂದು ನಂಬುವವರು ಅಕ್ಕರೆಯಿಂದ ಇಟ್ಟುಕೊಳ್ಳುತ್ತಾರೆ, ಕೆಲವರು ಸ್ವಲ್ಪ ಹೆಚ್ಚು ಕೊಟ್ಟು ಕೊಳ್ಳುವುದೂ ಉಂಟು; ಅದು ಅವರವರ ಶ್ರದ್ಧೆ. ಆದರೆ ಲಕ್ಷದ ಮಾತು ಶುದ್ಧ ಸುಳ್ಳು. ಮೂರನೆಯ ತರಗತಿಯ ಅಂಕಗಣಿತ ಸಾಕಿತ್ತು; ಅದನ್ನು ನೋಟಿಗೆ ಅನ್ವಯಿಸಿ ನೋಡುವ ಅಭ್ಯಾಸ ನಮಗಿಲ್ಲ.

ನನಗೂ ಇರಲಿಲ್ಲವೆಂದು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. 1979ರಲ್ಲಿ ಕೌಂಟರಿಗೆ ಕುಳಿತವನು ನಾನು. ಹೆಬ್ಬೆರಳಿನ ಚರ್ಮ ದಪ್ಪವಾಗುವಷ್ಟು ನೋಟು ಎಣಿಸಿದ್ದೇನೆ. ಒಂದು ದಿನ ಗ್ರಾಹಕರೊಬ್ಬರು ಐವತ್ತು ರೂಪಾಯಿಯ ಎರಡು ನೋಟುಗಳನ್ನು ಕೌಂಟರಿನ ಮೇಲೆ ಅಕ್ಕಪಕ್ಕ ಇಟ್ಟು, ‘ವ್ಯತ್ಯಾಸ ಹೇಳಿ ನೋಡೋಣ’ ಎಂದರು. ಎರಡರ ಹಿಂಬದಿಯಲ್ಲೂ ಸಂಸತ್ ಭವನ, ಎರಡರದೂ ಒಂದೇ ಬಣ್ಣ. ನನಗೆ ವ್ಯತ್ಯಾಸ ಕಾಣಲಿಲ್ಲ. ಅವರು ಬೆರಳಿಟ್ಟು ತೋರಿಸಿದರು: ಒಂದರಲ್ಲಿ ಭವನದ ಮೇಲಿನ ಕಂಬಕ್ಕೆ ಬಾವುಟವಿದೆ, ಇನ್ನೊಂದರಲ್ಲಿ ಬರಿಯ ಕಂಬ! 1975ರಲ್ಲಿ ಮೊದಲ ಬಾರಿಗೆ ಬಂದ ಐವತ್ತರ ನೋಟಿನಲ್ಲಿ ಬಾವುಟ ಬಿಟ್ಟುಹೋಗಿತ್ತು. ಮುಂದೆ ಅದನ್ನು ಸೇರಿಸಲಾಯಿತು. ಸಾರ್ವಭೌಮ ಗಣರಾಜ್ಯದ ಸಂಸತ್ತು ಧ್ವಜವಿಲ್ಲದೆ ಕೋಟ್ಯಂತರ ಜೇಬುಗಳಲ್ಲಿ ಓಡಾಡಿತು. ದಿನವೂ ಅದನ್ನು ಎಣಿಸುತ್ತಿದ್ದ ನನ್ನಂಥವನಿಗೆ ಅದು ಕಾಣಲೇ ಇಲ್ಲ. ಅಂದಿನಿಂದ ನಾನು ಸಂಗ್ರಾಹಕನಾದೆ ಎಂದರೆ ಅತಿಶಯೋಕ್ತಿಯಾದೀತು, ಓದುಗನಾದೆ ಎನ್ನಬಹುದು.

ಓದಲು ಏನಿದೆ? ಮೊದಲನೆಯದು ಸಹಿ. ರಿಸರ್ವ್ ಬ್ಯಾಂಕ್ 1935ರ ಏಪ್ರಿಲ್ 1ರಂದು ಆರಂಭವಾದರೂ ಅದರ ಮೊದಲ ನೋಟು, ಆರನೆಯ ಜಾರ್ಜ್ ಭಾವಚಿತ್ರವಿದ್ದ ಐದು ರೂಪಾಯಿ, ಹೊರಬಂದದ್ದು 1938ರ ಜನವರಿಯಲ್ಲಿ. ಆ ವೇಳೆಗೆ ಮೊದಲ ಗವರ್ನರ್ ಓಸ್ಬಾರ್ನ್ ಸ್ಮಿತ್ ಹುದ್ದೆ ಬಿಟ್ಟಾಗಿತ್ತು. ಹೀಗಾಗಿ ದೇಶದ ಕೇಂದ್ರ ಬ್ಯಾಂಕಿನ ಪ್ರಥಮ ಗವರ್ನರರ ಸಹಿ ಯಾವ ನೋಟಿನ ಮೇಲೂ ಇಲ್ಲ. ಮೊದಲು ಸಹಿ ಹಾಕಿದವರು ಅವರ ಉತ್ತರಾಧಿಕಾರಿ ಜೇಮ್ಸ್ ಟೇಲರ್. ಇದಕ್ಕೆ ತದ್ವಿರುದ್ಧವಾಗಿ, 1970ರಲ್ಲಿ ಕೇವಲ 42 ದಿನ ಗವರ್ನರ್ ಆಗಿದ್ದ ಬಿ.ಎನ್. ಅಡಾರ್ಕರ್ ಅವರ ಸಹಿ ಗಾಂಧಿ ಜನ್ಮಶತಾಬ್ದಿಯ ನೋಟುಗಳ ಮೇಲೆ ಉಳಿದುಕೊಂಡಿದೆ. 1975ರಲ್ಲಿ ಮೂರು ತಿಂಗಳಷ್ಟೇ ಇದ್ದ ಎನ್.ಸಿ. ಸೆನ್‌ಗುಪ್ತಾ ಅವರ ಸಹಿ ಸಿಗುವುದು ಸಾವಿರ ರೂಪಾಯಿಯ ನೋಟಿನ ಮೇಲೆ ಮಾತ್ರ. ಒಂದು ರೂಪಾಯಿಯ ನೋಟಿನ ಕಥೆಯೇ ಬೇರೆ. ಅದನ್ನು ಹೊರಡಿಸುವುದು ರಿಸರ್ವ್ ಬ್ಯಾಂಕಲ್ಲ, ಭಾರತ ಸರ್ಕಾರ. ಸಹಿ ಹಣಕಾಸು ಇಲಾಖೆಯ ಕಾರ್ಯದರ್ಶಿಯದು. ‘ಕೊಡುತ್ತೇನೆಂದು ವಚನ ನೀಡುತ್ತೇನೆ’ ಎಂಬ ಮಾತು ಅದರ ಮೇಲಿಲ್ಲ. ಮನಮೋಹನ ಸಿಂಗ್ ಅವರು ಕಾರ್ಯದರ್ಶಿಯಾಗಿದ್ದಾಗ ಒಂದು ರೂಪಾಯಿಗೂ, 1982ರಿಂದ 1985ರವರೆಗೆ ಗವರ್ನರ್ ಆಗಿದ್ದಾಗ ಉಳಿದ ನೋಟುಗಳಿಗೂ ಸಹಿ ಹಾಕಿದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಬ್ಬ ಸಾರ್ವಜನಿಕ ಸೇವಕನ ವೃತ್ತಿಜೀವನದ ಎರಡು ಘಟ್ಟಗಳು ಅಂಗೈಯಲ್ಲಿ ಕಾಣುತ್ತವೆ. ಇವನ್ನು ಕೊಳ್ಳಲು ಶ್ರೀಮಂತನಾಗಬೇಕಿಲ್ಲ. ಅಜ್ಜಿಯ ಕುಂಕುಮದ ಭರಣಿಯ ಅಡಿಯಲ್ಲಿ ಮಡಿಸಿಟ್ಟ ನೋಟೂ ಆದೀತು.

ಎರಡನೆಯದು ಸಂಖ್ಯೆಯ ಪಟ್ಟಿ. ಅಂಕಿಗಳ ಹಿಂದೆ ಸಣ್ಣದಾಗಿ ಒಂದು ಇಂಗ್ಲಿಷ್ ಅಕ್ಷರ ಇರಬಹುದು, ಇಲ್ಲದಿರಲೂಬಹುದು. ಸಂಗ್ರಾಹಕರು ಸಹಿ, ವರ್ಷ, ಅಕ್ಷರ ಈ ಮೂರನ್ನೂ ಜೋಡಿಸಿ ಒಂದೊಂದನ್ನೂ ಬೇರೆ ಬೇರೆ ಪ್ರಭೇದವೆಂದು ಗುರುತಿಸುತ್ತಾರೆ. ಮುದ್ರಣದ ವರ್ಷವನ್ನು ಹಿಂಬದಿಯ ಕೆಳಗಡೆ ಹಾಕಲಾರಂಭಿಸಿದ್ದು 2005ರಲ್ಲಿ. ಆ ವರ್ಷಕ್ಕಿಂತ ಹಿಂದಿನ ನೋಟುಗಳನ್ನು ಹಿಂಪಡೆಯುವುದಾಗಿ 2014ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸಿದಾಗ, ಹಿಂದೆ ವರ್ಷವಿದೆಯೇ ನೋಡಿ ಎಂಬುದೇ ಜನರಿಗೆ ಕೊಟ್ಟ ಗುರುತು. ಎಷ್ಟೋ ಜನ ತಮ್ಮ ನೋಟಿನ ಬೆನ್ನನ್ನು ಮೊದಲ ಬಾರಿ ನೋಡಿದ್ದು ಆಗಲೇ ಇರಬೇಕು.

ನಕ್ಷತ್ರ ಚಿಹ್ನೆಯ ಪ್ರಸಂಗವಂತೂ ನಮ್ಮ ನೋಟಿನ ಅನಕ್ಷರತೆಗೆ ಒಳ್ಳೆಯ ನಿದರ್ಶನ. ಮುದ್ರಣದಲ್ಲಿ ಕೆಟ್ಟುಹೋದ ನೋಟಿನ ಬದಲಿಗೆ ಅದೇ ಸಂಖ್ಯೆಯ ಇನ್ನೊಂದನ್ನು ಅಚ್ಚು ಹಾಕುವುದು ಶ್ರಮದ ಕೆಲಸ. ಆದ್ದರಿಂದ 2006ರಲ್ಲಿ ಹತ್ತು, ಇಪ್ಪತ್ತು, ಐವತ್ತರ ನೋಟುಗಳಲ್ಲಿ, ಮುಂದೆ ದೊಡ್ಡ ಮುಖಬೆಲೆಗಳಲ್ಲೂ, ಸಂಖ್ಯೆಯ ನಡುವೆ ನಕ್ಷತ್ರವಿರುವ ಬದಲಿ ನೋಟುಗಳನ್ನು ತರಲಾಯಿತು. 2023ರಲ್ಲಿ ಇದ್ದಕ್ಕಿದ್ದಂತೆ ‘ನಕ್ಷತ್ರದ ನೋಟು ಖೋಟಾ’ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಅಂಗಡಿಯವರು ನೋಟು ವಾಪಸು ಕೊಟ್ಟರು. ಅದು ಅಸಲಿ ನೋಟೇ ಎಂದು ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟೀಕರಣ ಕೊಡಬೇಕಾಯಿತು. ಹದಿನೇಳು ವರ್ಷ ಚಲಾವಣೆಯಲ್ಲಿದ್ದ ಚಿಹ್ನೆಯನ್ನು ದೇಶ ಹೊಸದಾಗಿ ನೋಡಿ ಬೆಚ್ಚಿಬಿದ್ದಿತು! ಅದೇ ನಕ್ಷತ್ರವನ್ನು ಸಂಗ್ರಾಹಕರು ವರ್ಷಗಟ್ಟಲೆ ಹುಡುಕುತ್ತಿದ್ದರು. ಒಬ್ಬರು ಭಯದಿಂದ ಹಿಂದಿರುಗಿಸಿದ ನೋಟನ್ನು ಇನ್ನೊಬ್ಬರು ಸಂತೋಷದಿಂದ ಪಡೆದುಕೊಂಡರು.

ಹಾಗಾದರೆ ನಿಜವಾಗಿ ವಿರಳವಾದದ್ದು ಯಾವುದು? ವಿರಳತೆ ಅದೃಷ್ಟದ ಅಂಕಿಯಿಂದ ಬರುವುದಿಲ್ಲ, ಚರಿತ್ರೆಯಿಂದ ಬರುತ್ತದೆ. ಎಷ್ಟು ಅಚ್ಚಾಯಿತು, ಎಷ್ಟು ಹಿಂದಿರುಗಿತು, ಎಷ್ಟು ಸುಟ್ಟುಹೋಯಿತು, ಎಷ್ಟು ಉಳಿಯಿತು ಎಂಬುದೇ ಮುಖ್ಯ. ದೇಶ ವಿಭಜನೆಯಾದ ಮೇಲೆ 1948ರ ಮಧ್ಯದವರೆಗೆ ಪಾಕಿಸ್ತಾನಕ್ಕೂ ನಮ್ಮ ರಿಸರ್ವ್ ಬ್ಯಾಂಕೇ ನೋಟು ಒದಗಿಸುತ್ತಿತ್ತು. ನಾಸಿಕದಲ್ಲಿ ಅಚ್ಚಾದ ನಮ್ಮದೇ ನೋಟುಗಳ ಮೇಲೆ ‘ಪಾಕಿಸ್ತಾನ ಸರ್ಕಾರ’ ಎಂದು ಇಂಗ್ಲಿಷ್, ಉರ್ದುಗಳಲ್ಲಿ ಮುದ್ರೆ ಒತ್ತಿ ಕಳುಹಿಸಲಾಯಿತು. ಹೆಚ್ಚಿನವು ಮುಂದೆ ಹಿಂಪಡೆದು ನಾಶವಾದವು. ಎರಡು ದೇಶಗಳು ಹರಿದುಹೋದ ಗಳಿಗೆಯಲ್ಲಿ ಹಣವೊಂದು ಹರಿಯದೆ ಉಳಿದಿತ್ತು ಎಂಬುದಕ್ಕೆ ಆ ನೋಟಿಗಿಂತ ಬೇರೆ ಸಾಕ್ಷಿ ಬೇಕೇ? 1959ರಲ್ಲಿ ಕೊಲ್ಲಿ ದೇಶಗಳಲ್ಲಿ ಮಾತ್ರ ಚಲಾವಣೆಗೆಂದು ರಿಸರ್ವ್ ಬ್ಯಾಂಕ್ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. ಅಲ್ಲಿಗೆ ಹೋದ ನಮ್ಮ ರೂಪಾಯಿ ಕಳ್ಳಸಾಗಣೆಯ ಚಿನ್ನವಾಗಿ ಹಿಂದಿರುಗುವುದನ್ನು ತಡೆಯುವ ಉಪಾಯ ಅದು. ಹಜ್ ಯಾತ್ರಿಕರಿಗೂ ಪ್ರತ್ಯೇಕ ನೋಟುಗಳಿದ್ದವು. ಅಂದು ಕುವೈತಿನ ಅಂಗಡಿಯಲ್ಲಿ ರೂಪಾಯಿ ನಡೆಯುತ್ತಿತ್ತೆಂದು ಇಂದಿನ ಹುಡುಗರಿಗೆ ಹೇಳಿದರೆ ನಂಬಲಿಕ್ಕಿಲ್ಲ. ನೋಟು ತೋರಿಸಿದರೆ ನಂಬುತ್ತಾರೆ.

ಇನ್ನು 1954ರಲ್ಲಿ ಬಂದ ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟುಗಳು. ಸಾವಿರದ ಮೇಲೆ ತಂಜಾವೂರಿನ ದೇವಾಲಯ, ಐದು ಸಾವಿರದ ಮೇಲೆ ಗೇಟ್‌ವೇ ಆಫ್ ಇಂಡಿಯಾ. 1946ರಲ್ಲಿ ಒಮ್ಮೆ ರದ್ದಾಗಿದ್ದ ದೊಡ್ಡ ನೋಟುಗಳ ಈ ಎರಡನೆಯ ಅವತಾರ 1978ರ ಜನವರಿ 16ರ ಸುಗ್ರೀವಾಜ್ಞೆಯಿಂದ ಮತ್ತೆ ರದ್ದಾಯಿತು. ಕಾಲೇಜು ಮುಗಿಸಿದ ಹುಡುಗನಾಗಿ ನಾನು ಪತ್ರಿಕೆಯಲ್ಲಿ ಆ ಸುದ್ದಿ ಓದಿದ್ದೆ. ಆದರೆ ಆ ನೋಟನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲೇ ಇಲ್ಲ. ಕಂಡವರು ಸ್ಮರಣೆಗೆಂದು ಇಟ್ಟುಕೊಳ್ಳಲಿಲ್ಲ, ಬದಲಾಯಿಸಿಕೊಂಡರು. ಬಡವನ ಕೈಗೆ ಎಂದೂ ಬಾರದ ನೋಟು, ಬಲ್ಲಿದ ಉಳಿಸಿಕೊಳ್ಳದ ನೋಟು ವಿರಳವಾಗದೆ ಇನ್ನೇನು?

ಬೆಲೆಗೆ ಇನ್ನೊಂದು ಅಳತೆ ನೋಟಿನ ಸ್ಥಿತಿ. ಈ ವಿಷಯದಲ್ಲಿ ನಾನೇ ಅಪರಾಧಿ. 2001ರಲ್ಲಿ ರಿಸರ್ವ್ ಬ್ಯಾಂಕ್ ನಿಲ್ಲಿಸುವಂತೆ ಸೂಚಿಸುವವರೆಗೆ ನೋಟಿನ ಕಟ್ಟುಗಳಿಗೆ ಪಿನ್ನು ಹೊಡೆಯುವುದು ನಮ್ಮ ನಿತ್ಯಕರ್ಮವಾಗಿತ್ತು. ಆ ಕಾಲದ ಹೊಚ್ಚಹೊಸ ನೋಟಿನಲ್ಲೂ ಎಡಬದಿಗೆ ಎರಡು ತೂತುಗಳಿರುತ್ತವೆ. ಪಿನ್ನಿನ ತೂತಿಲ್ಲದ ಹಳೆಯ ನೋಟಿಗೆ ಸಂಗ್ರಾಹಕರು ಹೆಚ್ಚು ಬೆಲೆ ಕಟ್ಟುವುದನ್ನು ಕಂಡಾಗ ನನ್ನ ಬಲಗೈ ಮಾಡಿದ ಹಾನಿಯ ಲೆಕ್ಕ ಹಾಕಲು ಮನಸ್ಸು ಹಿಂಜರಿಯುತ್ತದೆ. ನೋಟನ್ನು ತೊಳೆಯುವುದು, ಇಸ್ತ್ರಿ ಮಾಡುವುದು, ಟೇಪು ಅಂಟಿಸುವುದು, ಮೇಷ್ಟರಂತೆ ಲ್ಯಾಮಿನೇಷನ್ ಮಾಡಿಸುವುದು ಎಲ್ಲವೂ ಅದರ ಆಯುಸ್ಸಿಗೂ ಬೆಲೆಗೂ ಮಾರಕ.

ಕನ್ನಡಿಗರು ನೋಟನ್ನು ಓದಲು ಬೇರೊಂದು ಕಾರಣವೂ ಇದೆ. ಇಂದಿನ ನೋಟಿನ ಹಿಂಬದಿಯ ಭಾಷಾಪಟ್ಟಿಯಲ್ಲಿ ಹದಿನೈದು ಭಾಷೆಗಳಿದ್ದು, ಅಸ್ಸಾಮಿ, ಬಂಗಾಳಿ, ಗುಜರಾತಿಗಳ ಕೆಳಗೆ ನಾಲ್ಕನೆಯ ಸಾಲು ನಮ್ಮದು. ಬಾಯಲ್ಲಿ ನಾವು ‘ಹತ್ತು ರೂಪಾಯಿ’ ಎನ್ನುತ್ತೇವೆ. ನೋಟು ಮಾತ್ರ ವ್ಯಾಕರಣ ತಪ್ಪದೆ ‘ಹತ್ತು ರೂಪಾಯಿಗಳು’ ಎನ್ನುತ್ತದೆ. ರೂಪಾಯಿಯ ಬಹುವಚನದ ಬಗ್ಗೆ ಹಿಂದಿಯಲ್ಲೂ ಚರ್ಚೆ ನಡೆದು 1953ರಲ್ಲಿ ಇತ್ಯರ್ಥವಾಯಿತೆಂಬುದು ಸ್ವಾರಸ್ಯದ ಸಂಗತಿ. ಕನ್ನಡ ನೋಟಿನ ಮೇಲೆ ಬಂದದ್ದು ಸ್ವಾತಂತ್ರ್ಯಾನಂತರವಲ್ಲ. ಬ್ರಿಟಿಷರ ಕಾಲದ ನೋಟಿನ ಎಂಟು ಭಾಷೆಗಳಲ್ಲೂ ಅದಕ್ಕೆ ಸ್ಥಾನವಿತ್ತು. ಅದಕ್ಕಿಂತ ಗಮನಾರ್ಹವಾದದ್ದು ಹೈದರಾಬಾದ್ ಸಂಸ್ಥಾನದ ನೋಟು. 1918ರ ಕಾಯ್ದೆಯಡಿ ನಿಜಾಮರ ಸರ್ಕಾರ ಹೊರಡಿಸಿದ ನೋಟುಗಳ ಮೇಲೆ ಉರ್ದುವಿನ ಜೊತೆಗೆ ಮರಾಠಿ, ತೆಲುಗು, ಕನ್ನಡಗಳಲ್ಲೂ ಬೆಲೆ ಬರೆದಿತ್ತು. ಆಡಳಿತ, ಶಿಕ್ಷಣಗಳಲ್ಲಿ ಉರ್ದುವೇ ಮೆರೆಯುತ್ತಿದ್ದ ಆ ರಾಜ್ಯ, ಕಲಬುರಗಿ, ರಾಯಚೂರು, ಬೀದರದ ಸಂತೆಗಳಲ್ಲಿ ತನ್ನ ಹಣ ನಡೆಯಬೇಕಾದರೆ ಕನ್ನಡವನ್ನು ಒಪ್ಪಿಕೊಳ್ಳಬೇಕಾಯಿತು. ಕನ್ನಡದ ಬಗ್ಗೆ ನಾವು ಮಾಡುವ ಎಷ್ಟೋ ಭಾಷಣಗಳಿಗಿಂತ ಈ ಅಂಗೈಯಗಲದ ಕಾಗದ ಹೆಚ್ಚು ಹೇಳುತ್ತದೆ. ಕಲ್ಯಾಣ ಕರ್ನಾಟಕದ ಹಳೆಯ ಮನೆಗಳ ಕಡತಗಳಲ್ಲಿ ಇಂಥವು ಇನ್ನೂ ಇರಬಹುದು. ರದ್ದಿಗೆ ಹೋಗುವ ಮುನ್ನ ಯಾರಾದರೂ ನೋಡಬೇಕು.

ನಮ್ಮ ನೆಲದ ಗುರುತುಗಳೂ ಕಡಮೆಯಿಲ್ಲ. 1975ರಲ್ಲಿ ಉಡಾವಣೆಯಾದ, ಬೆಂಗಳೂರಿನ ಪೀಣ್ಯದಲ್ಲಿ ರೂಪುಗೊಂಡ ಆರ್ಯಭಟ ಉಪಗ್ರಹ ಎರಡು ರೂಪಾಯಿಯ ನೋಟಿನ ಮೇಲಿತ್ತು. 2016ರಲ್ಲಿ ಬಂದು 2023ರ ಮೇ ತಿಂಗಳಲ್ಲಿ ಹಿಂಪಡೆಯಲಾದ ಎರಡು ಸಾವಿರದ ನೋಟಿನ ಮೇಲೆ ಮಂಗಳಯಾನವಿತ್ತು. 2017ರಲ್ಲಿ ಬಂದ ಐವತ್ತರ ಮೇಲೆ ಹಂಪಿಯ ಕಲ್ಲಿನ ರಥ. ದೇಶದ ನಾಲ್ಕು ನೋಟು ಮುದ್ರಣಾಲಯಗಳಲ್ಲಿ ಒಂದು ಮೈಸೂರಿನಲ್ಲಿದೆ. ನೋಟಿನ ಕಾಗದ ತಯಾರಿಸುವ ಕಾರ್ಖಾನೆಯೂ ಅಲ್ಲಿದೆ. ಹೀಗಿದ್ದೂ ನೋಟಿನ ಬಗ್ಗೆ ಕನ್ನಡದಲ್ಲಿ ಬಂದ ಬರಹಗಳನ್ನು ಬೆರಳೆಣಿಕೆಯಲ್ಲಿ ಮುಗಿಸಬಹುದು.

ಚಲಾವಣೆಗೆ ಬಾರದ ನೋಟುಗಳನ್ನು ರಿಸರ್ವ್ ಬ್ಯಾಂಕ್ ಯಂತ್ರದಲ್ಲಿ ಚೂರು ಮಾಡಿ, ಒತ್ತಿ ಇಟ್ಟಿಗೆಯಂತೆ ಮಾಡುತ್ತದೆ. ಅದು ಅದರ ಕರ್ತವ್ಯ, ತಪ್ಪೇನಿಲ್ಲ. ಆದರೆ ಇದರರ್ಥ, ನೋಟಿನ ಚರಿತ್ರೆ ಉಳಿಯುವುದು ಬಹುಮಟ್ಟಿಗೆ ಸಂಗ್ರಾಹಕರ ಕೈಯಲ್ಲಿ. ರಿಸರ್ವ್ ಬ್ಯಾಂಕ್ ತನ್ನದೇ ವಸ್ತುಸಂಗ್ರಹಾಲಯ ಸ್ಥಾಪಿಸಿತು. ಮುಂಬೈಯಲ್ಲಿ ಅದನ್ನು 2004ರಲ್ಲಿ ಅಂದಿನ ರಾಷ್ಟ್ರಪತಿ ಅಬ್ದುಲ್ ಕಲಾಂ ಉದ್ಘಾಟಿಸಿದರು. ಬೆಂಗಳೂರಿಗೆ ಭಾರತೀಯ ಕಾಗದದ ಹಣಕ್ಕೇ ಮೀಸಲಾದ ವಸ್ತುಸಂಗ್ರಹಾಲಯ ಬಂದದ್ದು 2020ರಲ್ಲಿ, ಅದೂ ಸರ್ಕಾರದಿಂದಲ್ಲ, ರಿಜ್ವಾನ್ ರಜಾಕ್ ಎಂಬ ಸಂಗ್ರಾಹಕ ಉದ್ಯಮಿಯಿಂದ. ಈ ನೋಟುಗಳ ಪ್ರಮಾಣಗ್ರಂಥವನ್ನು ಕಿಶೋರ್ ಝುನ್‌ಝುನ್‌ವಾಲಾ ಅವರೊಡನೆ ಬರೆದವರೂ ಅವರೇ. ಸರ್ಕಾರ ಮಾಡಬೇಕಾದ ಕೆಲಸವನ್ನು ಹವ್ಯಾಸಿಗಳು ಮಾಡುತ್ತಿದ್ದಾರೆ.

ಆ ಹವ್ಯಾಸಿಗಳನ್ನು ಕಾನೂನು ಹೇಗೆ ನಡೆಸಿಕೊಂಡಿದೆ? 2016ರ ನವೆಂಬರ್ 8ರಂದು ಐನೂರು, ಸಾವಿರದ ನೋಟುಗಳು ರದ್ದಾದ ಮೇಲೆ 2017ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು. ಅದರ ಪ್ರಕಾರ ರದ್ದಾದ ಆ ನೋಟುಗಳನ್ನು ಯಾರೇ ಆಗಲಿ ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ, ಸಂಶೋಧನೆ ಅಥವಾ ನಾಣ್ಯಶಾಸ್ತ್ರದ ಉದ್ದೇಶವಿದ್ದರೆ ಇಪ್ಪತ್ತೈದು. ಮೀರಿದರೆ ಹತ್ತು ಸಾವಿರ ರೂಪಾಯಿ ಅಥವಾ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅಲ್ಲಿಯವರೆಗೆ ದಂಡ. ರದ್ದಾದ ನೋಟಿನ ಸಮಾನಾಂತರ ವ್ಯವಹಾರ ತಡೆಯಬೇಕೆಂಬ ಉದ್ದೇಶವನ್ನು ಯಾರೂ ಅಲ್ಲಗಳೆಯರು. ಚೀಲಗಟ್ಟಲೆ ಹಳೆಯ ನೋಟು ಇಟ್ಟುಕೊಂಡು ದಲ್ಲಾಳಿತನ ಮಾಡುವವನನ್ನು ಹಿಡಿಯಲೇಬೇಕು. ಆದರೆ ಇಪ್ಪತ್ತೈದು ಎಂಬ ಸಂಖ್ಯೆ ಎಲ್ಲಿಂದ ಬಂತು? 2005ರಿಂದ 2016ರವರೆಗೆ ಹನ್ನೆರಡು ವರ್ಷ. ವರ್ಷಕ್ಕೊಂದರಂತೆ ಐನೂರು, ಸಾವಿರದ ತಲಾ ಒಂದು ನೋಟು ಇಟ್ಟುಕೊಂಡರೆ ಇಪ್ಪತ್ತನಾಲ್ಕಾಯಿತು. ಸಹಿ, ಅಕ್ಷರ, 2010ರಲ್ಲಿ ಅಂಗೀಕಾರವಾದ ರೂಪಾಯಿ ಚಿಹ್ನೆ ಇರುವುದು, ಇಲ್ಲದಿರುವುದು ಇವು ಯಾವುವೂ ಲೆಕ್ಕಕ್ಕೆ ಬರಲಿಲ್ಲ. 1987ರಲ್ಲಿ ಬಂದ ಮೊದಲ ಐನೂರರಿಂದ ಹಿಡಿದು 2005ರವರೆಗಿನ ಎಲ್ಲ ನೋಟುಗಳಿಗೆ ಉಳಿದ ಜಾಗ ಒಂದೇ ಒಂದು! ಸಾಲದ್ದಕ್ಕೆ, ವಿನಾಯಿತಿ ಇರುವುದು ಇಟ್ಟುಕೊಳ್ಳುವುದಕ್ಕೆ ಮಾತ್ರ. ಕೊಡುವುದಕ್ಕೆ, ಪಡೆಯುವುದಕ್ಕೆ ಅಲ್ಲ. ತಂದೆಯ ಸಂಗ್ರಹ ಮಗಳಿಗೆ ಹೋಗುವುದು, ಒಬ್ಬರು ಇನ್ನೊಬ್ಬರಿಗೆ ನೋಟು ಕೊಟ್ಟು ಬದಲಿ ನೋಟು ಪಡೆಯುವುದು ಇದರಡಿ ಹೇಗೆ ಎಂದು ಕೇಳಿದರೆ ವಕೀಲರೂ ತಲೆ ಕೆರೆದುಕೊಳ್ಳುತ್ತಾರೆ.

ಈ ಮಿತಿಯನ್ನು ಸಡಿಲಿಸಲು ಸರ್ಕಾರಕ್ಕೆ ತಗಲುವ ಖರ್ಚು ಏನೂ ಇಲ್ಲ. ಒಂದೇ ಪ್ರಭೇದದ ರಾಶಿಗೆ ನಿಷೇಧವಿರಲಿ, ಬೇರೆ ಬೇರೆ ಪ್ರಭೇದಗಳ ಸಂಗ್ರಹಕ್ಕೆ ಅವಕಾಶವಿರಲಿ. ಹಾಗೆಯೇ ರಿಸರ್ವ್ ಬ್ಯಾಂಕ್ ತನ್ನ ವಾರ್ಷಿಕ ವರದಿಯಲ್ಲಿ ಮುಖಬೆಲೆವಾರು ಲೆಕ್ಕ ಕೊಡುವಂತೆ, ಚಲಾವಣೆಯಿಂದ ಮರೆಯಾದ ಸರಣಿಗಳಿಗಾದರೂ ಯಾವ ಸಹಿಯ ನೋಟು ಎಷ್ಟು ಅಚ್ಚಾಯಿತೆಂದು ಪ್ರಕಟಿಸಬಹುದು. ರದ್ದಾದ ನೋಟಿನ ಲೆಕ್ಕದಲ್ಲಿ ಯಾವ ಭದ್ರತಾ ರಹಸ್ಯ ಅಡಗಿದ್ದೀತು? ಆ ಅಂಕಿ ಕೈಗೆಟುಕಿದ ದಿನ ‘ದೇಶದಲ್ಲಿ ಇದು ಹತ್ತೇ ಉಳಿದಿದೆ’ ಎಂದು ಫೋನಿನಲ್ಲಿ ಹೇಳುವವನ ಬಾಯಿ ಅರ್ಧ ಕಟ್ಟಿಹೋಗುತ್ತದೆ. ಉಳಿದರ್ಧವನ್ನು ಶಾಲೆಗಳು ಕಟ್ಟಬಹುದು. ಸಮಾಜ ವಿಜ್ಞಾನದ ಒಂದು ಪಾಠದ ದಿನ ಮಕ್ಕಳ ಕೈಗೆ ಹತ್ತು ರೂಪಾಯಿಯ ನೋಟು ಕೊಟ್ಟು, ಭಾಷೆಗಳನ್ನು ಎಣಿಸಿ, ಸಹಿ ಯಾರದು ಕಂಡುಹಿಡಿಯಿರಿ, ವರ್ಷ ಎಲ್ಲಿದೆ ನೋಡಿ ಎಂದರೆ ಸಾಕು. ಅದಕ್ಕೆ ಪಠ್ಯಪುಸ್ತಕ ಸಮಿತಿಯ ಅಪ್ಪಣೆಯೂ ಬೇಡ.

ಮೇಷ್ಟರ 20,500 ರೂಪಾಯಿ ಇನ್ನೂ ಬಂದಿಲ್ಲ. 1930ಕ್ಕೆ ಕರೆಮಾಡಿ ದೂರು ದಾಖಲಿಸಿದ್ದಾರೆ, ಕಾಯುತ್ತಿದ್ದಾರೆ. ಈ ನಡುವೆ ಮೊನ್ನೆ ಮತ್ತೆ ಬಂದು, ಪೆಟ್ಟಿಗೆಯ ತಳದಲ್ಲಿ ಸಿಕ್ಕ ಐವತ್ತರ ನೋಟೊಂದನ್ನು ಭೂತಗನ್ನಡಿಯ ಕೆಳಗೆ ಹಿಡಿದು, ‘ಕಂಬ ಇದೆ ಸ್ವಾಮಿ, ಬಾವುಟ ಇದೆಯೋ ಇಲ್ಲವೋ ನೀವೇ ನೋಡಿ’ ಎಂದರು. ಬಾವುಟ ಇತ್ತು. ಅವರಿಗೆ ತುಸು ನಿರಾಸೆಯಾಯಿತು. ಅವರು ಹೋದ ಮೇಲೆ ನನ್ನ ಬೀರುವಿನಲ್ಲಿರುವ ರದ್ದಾದ ಐನೂರು, ಸಾವಿರದ ನೋಟುಗಳನ್ನು ಎಣಿಸಿದೆ. ಹನ್ನೊಂದು. ಲಕೋಟೆಯ ಮೇಲೆ ‘ಅಧ್ಯಯನಕ್ಕಾಗಿ’ ಎಂದು ದೊಡ್ಡದಾಗಿ ಬರೆದಿಟ್ಟಿದ್ದೇನೆ.